ಹೊಳೆ ಕಾಣದ ದಿಬ್ಬ

ಗೌರಾಂಬ ಅವರಿಗೆ ಒಬ್ಬಳು ಸವತಿ ಇದ್ದಳು...

ಎರಡು ಚಕ್ರದವಳು. ನೀಲಿ ಬಣ್ಣದವಳು. ಭಾನುವಾರ ಬಂತೆಂದರೆ ಬೆಳಿಗ್ಗೆ ಆರಕ್ಕೇ ಗಂಡನನ್ನು ಹಾರಿಸಿಕೊಂಡು ಹೋಗುತ್ತಿದ್ದಳು!

ಗಂಡ ಮಾದೇವಸ್ವಾಮಿ ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ಸೈಕಲ್ ಹುಚ್ಚು ಹಿಡಿಸಿಕೊಂಡರು. ಊರಿನ ಐದಾರು ಜನರ ಜೊತೆ ಕಾವೇರಿ ದಂಡೆಯ ರಸ್ತೆಯಲ್ಲಿ ಐವತ್ತೆಂಟು ಕಿಲೋಮೀಟರ್ ಹೋಗಿ ಬರುತ್ತಿದ್ದರು.

"ಎಂಥಾ ದಾರಿ ಗೊತ್ತೇನೆ? ಒಂದ್ಸಲ ನೀನೂ ಬಾ. ಕಾರಲ್ಲೇ ಬಾ, ನಾನ್ ಪಕ್ಕದಲ್ಲೇ ತುಳ್ಕೊಂಡು ಬತ್ತೀನಿ" ಎಂದು ಎಷ್ಟು ಸಲ ಕರೆದರೋ...

"ನಿಮ್ ಹೊಳೆ ಎಲ್ಲೂ ಓಡೋಗಲ್ಲ, ಬುಡಿ. ನಂಗೆ ರಾಶಿ ಕೆಲ್ಸ ಬಿದ್ದದೆ" ಎಂದು ಇವರು ಮೂತಿ ತಿರುವುತ್ತಿದ್ದರು.

ಹೊಳೆ ಓಡಿಹೋಗಲಿಲ್ಲ, ನಿಜ... ಮೇಷ್ಟ್ರು ಹೋಗಿಬಿಟ್ಟರು. ಗುರುವಾರ ಸಂಜೆ ಎದೆನೋವು ಅಂದವರು ಶುಕ್ರವಾರ ಬೆಳಿಗ್ಗೆ ಇರಲಿಲ್ಲ.

ಎಂಟು ತಿಂಗಳಾದ ಮೇಲೆ ಮಗಳು ಸಹನಾ, ಅಪ್ಪನ ಫೋನಿನಲ್ಲಿದ್ದ ಸೈಕಲ್ ಆ್ಯಪ್ ತೆರೆದು ಅಮ್ಮನಿಗೆ ತೋರಿಸಿದಳು. ಅಪ್ಪ ಹೋದ ದಾರಿಯೆಲ್ಲ ಅದರಲ್ಲಿ ಕೆಂಪು ಗೆರೆಯಾಗಿ ಉಳಿದಿತ್ತು. ಹೊಳೆ ಬಾಗಿದ ಕಡೆಗೇ ಗೆರೆಯೂ ಬಾಗುತ್ತಿತ್ತು.

ಆದರೆ ಒಂದು ಕಡೆ ಮಾತ್ರ ಆ ಗೆರೆ ಹೊಳೆಯನ್ನು ಬಿಟ್ಟು, ಒಂದು ದಿಬ್ಬ ಹತ್ತಿ, ಅಲ್ಲೇ ನಿಂತು, ಮತ್ತೆ ಇಳಿದು ಬರುತ್ತಿತ್ತು.

ಒಂದು ಭಾನುವಾರ ಅಲ್ಲ... ಎಲ್ಲಾ ಭಾನುವಾರ!

ಗೌರಾಂಬ ಆ ದಿಬ್ಬದ ಮೇಲೆ ಬೆರಳಿಟ್ಟರು. "ಅಲ್ಯಾರ್ ಮನೆ ಇದ್ದದು?"

ಅರವತ್ಮೂರು ವರ್ಷದ ಮೇಷ್ಟ್ರ ಮೇಲೆ ಇಂಥ ಅನುಮಾನವೇ ಎಂದು ತಮ್ಮನ್ನು ತಾವೇ ಬೈದುಕೊಂಡರು. ಆದರೂ ತಲೆಗೆ ಹೊಕ್ಕ ಹುಳ ಹೊರಗೆ ಬರಲಿಲ್ಲ. ಗಂಡ ಕರೆದಾಗ ಹೋಗದ ಆ ದಾರಿ ಈಗ ಕೂತರೂ ನಿಂತರೂ ಕರೆಯುತ್ತಿತ್ತು.

ಕೊನೆಗೆ ಗಂಡನ ಸೈಕಲ್ ಗೆಳೆಯ ಶಿವರುದ್ರನಿಗೆ ಹೇಳಿ, ಒಂದು ಭಾನುವಾರ ಅವನ ಕಾರಿನಲ್ಲಿ ಹೊರಟೇಬಿಟ್ಟರು. ಮೇಷ್ಟ್ರ ಫೋನನ್ನೂ ಚೀಲದಲ್ಲಿ ಇಟ್ಟುಕೊಂಡರು.

ದಾರಿ... ಅಬ್ಬಾ! ಎಡಕ್ಕೆ ಹಿಪ್ಪುನೇರಳೆ ತೋಟ, ಬಲಕ್ಕೆ ಬಂಡೆಗಳ ನಡುವೆ ಹರಿಯುವ ಕಾವೇರಿ, ತಲೆಯ ಮೇಲೆ ಹುಣಸೆಮರಗಳ ನೆರಳು. ಎದುರಿಗೆ ಹೆಲ್ಮೆಟ್ ಹಾಕಿದ ನಾಲ್ಕು ಜನ ಸೈಕಲ್ ತುಳಿಯುತ್ತಾ ಬಂದರು. ಗೌರಾಂಬ ಒಬ್ಬೊಬ್ಬರ ಮುಖವನ್ನೂ ನೋಡಿದರು. ಇರುವುದಿಲ್ಲ ಎಂದು ಗೊತ್ತಿದ್ದೂ ನೋಡಿದರು.

ಹೊಳೆ ಪಕ್ಕದ ಟೀ ಅಂಗಡಿಯ ಹತ್ತಿರ ಶಿವರುದ್ರ ಕಾರು ನಿಲ್ಲಿಸಿದ.

"ನಾವೆಲ್ಲ ಇಲ್ಲಿ ಟೀ ಕುಡೀತಾ ಕೂತ್ಕೊಳ್ಳೋವು, ಅಕ್ಕ. ಸರ್ ಮಾತ್ರ 'ಈಗ್ ಬಂದೆ ಇರ‍್ರಪ್ಪ' ಅಂತ ಆ ದಿಬ್ಬ ಹತ್ತೋರು. ಎಕ್ಸರ್ಸೈಜು ಸಾಲದೇನೋ ಅಂತ ನಾವು ರೇಗಿಸ್ತಿದ್ದೋ. ನಕ್ಕು ಸುಮ್ನಾಗೋರು."

ದಿಬ್ಬಕ್ಕೆ ಹೋಗುವ ರಸ್ತೆ ಕಿತ್ತುಹೋಗಿತ್ತು. ಇಬ್ಬರೂ ನಡೆದೇ ಹತ್ತಿದರು. ಗೌರಾಂಬ ಮೂರು ಕಡೆ ಕೂತು ಸುಧಾರಿಸಿಕೊಂಡರು. ಇಂಥ ಏರಿನಲ್ಲಿ ಮೇಷ್ಟ್ರು ಹೇಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದರೋ...

ಮೇಲೆ ಮನೆ ಇರಲಿಲ್ಲ. ಗುಡಿಯೂ ಇರಲಿಲ್ಲ. ಎಂದೋ ನಿಂತುಹೋದ ಕಲ್ಲು ಕ್ವಾರಿ, ಸುತ್ತ ಜಾಲಿ ಮುಳ್ಳು, ಅಷ್ಟೇ. ಹೊಳೆ ಕೂಡ ಅಲ್ಲಿಂದ ಕಾಣುತ್ತಿರಲಿಲ್ಲ!

"ನೋಡಾಕೆ ಏನೂ ಇಲ್ವಲ್ಲಪ್ಪ ಇಲ್ಲಿ..." ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಅವರದೇ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಬೆಳಗಿನಿಂದ ಬಾರದ ಮೆಸೇಜುಗಳೆಲ್ಲ ಒಂದರ ಹಿಂದೆ ಒಂದು ಬಂದವು.

"ಓ, ಇಲ್ಲಿ ಟವರ್ ಸಿಕ್ತದೆ ಕಣಕ್ಕ! ಕೆಳಗೆ ಹೊಳೆ ಉದ್ದಕ್ಕೂ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ" ಎಂದ ಶಿವರುದ್ರ.

ಗೌರಾಂಬ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತರು.

ಪ್ರತಿ ಭಾನುವಾರ ಎಂಟು ಗಂಟೆಗೆ ಮೇಷ್ಟ್ರ ಫೋನು ಬರುತ್ತಿತ್ತು. ಮಾತೇನೂ ಇರುತ್ತಿರಲಿಲ್ಲ. "ಏನ್ಮಾಡ್ತಿದ್ದೀಯೆ?" ಅಷ್ಟೇ.

"ಮಾಡದೇನು, ಕೆಲ್ಸ! ಬೇಗ ಬನ್ನಿ" ಎಂದು ಇವರು ಕಟ್ ಮಾಡಿಬಿಡುತ್ತಿದ್ದರು. ಟೀ ಕುಡಿಯುತ್ತಾ ಹೊತ್ತು ಹೋಗದೆ ಮಾಡುತ್ತಾರೆ ಎಂದುಕೊಂಡಿದ್ದರು.

ಆ ಒಂದು ಮಾತಿಗಾಗಿ, ಜನ ದೂರದಿಂದ ನೋಡಲು ಬರುವ ಹೊಳೆಯನ್ನು ಬಿಟ್ಟು ಮೇಷ್ಟ್ರು ಈ ಮುಳ್ಳುದಿಬ್ಬ ಹತ್ತುತ್ತಿದ್ದರು...

ಚೀಲದಿಂದ ಗಂಡನ ಫೋನು ತೆಗೆದು, ಮಗಳು ಹೇಳಿಕೊಟ್ಟ ಹಾಗೆ ಆ್ಯಪ್ ತೆರೆದರು. ದಿಬ್ಬದ ಮೇಲೆ ನಿಂತ ಹೊತ್ತು ಪ್ರತಿ ವಾರವೂ ಐದು ನಿಮಿಷ, ಆರು ನಿಮಿಷ.

ಕಡೆಯ ಭಾನುವಾರ ಮಾತ್ರ... ಮೂವತ್ತೊಂದು ನಿಮಿಷ.

ಆ ದಿನ ಗೌರಾಂಬ ಬಚ್ಚಲಲ್ಲಿ ರಗ್ಗು ಒಗೆಯುತ್ತಿದ್ದರು. ಫೋನು ಮೂರು ಸಲ ಹೊಡೆದುಕೊಂಡಿತ್ತು. "ಮನೆಗೇ ಬತ್ತಾರಲ್ಲ, ಆಮೇಲ್ ಮಾತಾಡುದ್ರಾಯ್ತು" ಎಂದು ಎತ್ತಿರಲಿಲ್ಲ. ತಿರುಗಿ ಮಾಡಲೂ ಇಲ್ಲ.

ತಿರುಗಿ ಮಾಡುತ್ತಾಳೆ ಎಂದು ಅವರು ಇಲ್ಲೇ ಬಿಸಿಲಲ್ಲಿ ಅರ್ಧ ಗಂಟೆ ಕಾದಿದ್ದರು. ಮನೆಗೆ ಬಂದ ಮೇಲೆ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಗೌರಾಂಬ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಎಂಟು ತಿಂಗಳಲ್ಲಿ ಹಾಗೆ ಅತ್ತಿರಲಿಲ್ಲ.

ಶಿವರುದ್ರ, "ಬನ್ನಿ ಅಕ್ಕ, ಕೆಳಗೆ ಹೊಳೆ ನೋಡೋರಂತೆ" ಎಂದ.

"ನೀನ್ ನಡಿಯಪ್ಪ... ನಾನ್ ಆಮೇಲ್ ಬತ್ತೀನಿ."

ಅವನು ಇಳಿದು ಹೋದ ಮೇಲೆ ಅವರು ಕಣ್ಣೊರೆಸಿಕೊಂಡು, ತಮ್ಮ ಫೋನನ್ನು ಕಿವಿಗಿಟ್ಟುಕೊಂಡರು. ಯಾವ ನಂಬರನ್ನೂ ಒತ್ತಲಿಲ್ಲ.

"ಏನೂ ಮಾಡ್ತಿಲ್ಲ ಕಣ್ರೀ... ಸುಮ್ನೆ ಕೂತಿವ್ನಿ. ಹೇಳಿ..."

*

"ಏನ್ಮಾಡ್ತಿದ್ದೀಯೆ" ಎಂದು ಕೇಳುವವರಿಗೆ ಬೇಕಾಗಿರುವುದು ಉತ್ತರವಲ್ಲ, ನಿಮ್ಮ ದನಿ.

ಇವತ್ತು ನೀವು "ಆಮೇಲೆ ಮಾಡಿದರಾಯ್ತು" ಎಂದು ಎತ್ತದೆ ಬಿಟ್ಟ ಫೋನು ಯಾರದು...?