ಈ ನೀರಿಗೆ ಕಾಯಿಯಿಲ್ಲ

ಎದೆಮಟ್ಟದ ನೀರಿನಲ್ಲಿ ನಿಂತು ಬೇಬಿ ಹರಿಕಂತ್ರ ಸ್ಟೀಲ್ ಕಂಬಿಯನ್ನು ಎರಡೂ ಕೈಯಿಂದ ಬಿಗಿಹಿಡಿದಿದ್ದಳು. ಕಾರವಾರದ ಹೊಸ ಈಜುಕೊಳ ಆಗಷ್ಟೇ ಉದ್ಘಾಟನೆಯಾಗಿತ್ತು. ಸೀರೆಯ ಬದಲು ಮಗಳ ಟ್ರ್ಯಾಕ್ ಪ್ಯಾಂಟ್ ತೊಟ್ಟ ಅವಳನ್ನು ಕಂಡು ಕೇರಿಯವರೆಲ್ಲ ದಂಡೆಯಲ್ಲಿ ನಗುತ್ತಿದ್ದರು.

“ಮೀನು ಮಾರೂಕೆ ಈಜು ಎಂತಕ್ಕೆ ವೈನಿ? ಅದೂ ಒಂದು ತೆಂಗಿನಕಾಯಿನೂ ಬಿಡದೇ ನೀರಿಗಿಳಿದ್ಯಲ್ಲ!” ಎಂದು ಮೈದುನ ರವಿಕಿರಣ ಕೂಗಿದ.

ಪ್ರತಿ ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು, ಗಂಡನನ್ನು ಕಾಪಾಡೆಂದು ಕೈಮುಗಿದವಳೇ ಅವಳು. ಆದರೂ ಕಳೆದ ವರ್ಷ ಅಳಿವೆಯಲ್ಲಿ ದೋಣಿ ಮಗುಚಿ, ತುಳಸಿದಾಸ ಅವಳ ಕಣ್ಣೆದುರೇ ಮುಳುಗಿದ್ದ.

“ನಿನ್ನಣ್ಣ ಮುಳುಗ್ತಿದ್ದಾಗ ನಾನು ದಂಡೆ ಮೇಲೆ ನಿಂತು ಕೂಗಿದ್ದೆ, ಅಷ್ಟೇ. ಇನ್ನು ಯಾವ ನೀರಿಗೂ ಕಾಯಿನೂ ಇಲ್ಲ, ಕೈ ಮುಗಿಯೂದೂ ಇಲ್ಲ,” ಎಂದವಳೇ ಬೇಬಿ ಕಂಬಿ ಬಿಟ್ಟು, ನೆಲದಿಂದ ಕಾಲೆತ್ತಿದಳು.