ಯಾರೂ ಮುಟ್ಟದ ರಸಬಾಳೆ

“ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರೂ ತಿನ್ನಲಿಲ್ಲ ಅಂದರೆ ಯಾರು ನಂಬುತ್ತಾರೆ, ರಂಜಿನಿ? ಯಾರೋ ಗುಟ್ಟು ಬಿಟ್ಟುಕೊಟ್ಟಿದ್ದಾರೆ.” ಫೋನಿನಲ್ಲಿ ಸುಚೇತಾ ಮೇಡಂ ದನಿ ಗಡುಸಾಗಿತ್ತು. “ಟಿ. ನರಸೀಪುರದಲ್ಲಿ ಮುರಳೀಧರ ಇದೇ ಪರೀಕ್ಷೆ ಮಾಡಿದ. ಮೂವತ್ತರಲ್ಲಿ ಹದಿನೇಳು ಜನ ತಿಂದರು. ಹುಲ್ಲಹಳ್ಳಿಯವರೇನು ಋಷಿಗಳಾ? ಸಂಜೆಯೊಳಗೆ ಕಾರಣ ತಿಳಿಸು. ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ.”

ರಂಜಿನಿ ವಿಶ್ವವಿದ್ಯಾಲಯದ ವರ್ತನಾ ವಿಜ್ಞಾನ ಪ್ರಯೋಗಾಲಯದಲ್ಲಿ ಮೇಡಂ ಕೈಕೆಳಗೆ ಸಂಶೋಧನಾ ಸಹಾಯಕಿ. ಸೇರಿ ನಾಲ್ಕು ತಿಂಗಳು. ಬದನವಾಳಿನ ಅವಳ ಮನೆಯಲ್ಲಿ ಇನ್ನೂ ಆ ಸಂಭ್ರಮ ಇಳಿದಿರಲಿಲ್ಲ.

ಪರೀಕ್ಷೆ ಸರಳ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರನ್ನು ಹುಲ್ಲಹಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕೂರಿಸುವುದು. ಎದುರಿಗೆ ಹಿತ್ತಾಳೆ ತಟ್ಟೆಯಲ್ಲಿ ಎರಡು ರಸಬಾಳೆಹಣ್ಣು. “ಬೇಕಾದರೆ ತಿನ್ನಿ. ನಾನು ಬರುವವರೆಗೆ ಮುಟ್ಟದಿದ್ದರೆ ಒಂದು ಚಿಪ್ಪು ಮನೆಗೆ ಕೊಡುತ್ತೇವೆ,” ಎಂದು ಹೇಳಿ ಹೊರಗೆ ಬರುವುದು. ಇಪ್ಪತ್ತು ನಿಮಿಷ ಮರೆಯ ಕ್ಯಾಮೆರಾದಲ್ಲಿ ನೋಡುವುದು.

ಕೋಣೆ ಹೊಂದಿಸಿದವರು ಸಹಾಯಕ್ಕಿದ್ದ ಗೋವಿಂದಯ್ಯ. ಹೆಂಡತಿ ಹೋಗಿ ವರ್ಷ ತುಂಬಿರಲಿಲ್ಲ. “ಕ್ಯಾಮೆರಾ ಯಾರೂ ಕೈಹಾಕದ ಜಾಗದಲ್ಲಿರಲಿ,” ಎಂದಿದ್ದಳು ರಂಜಿನಿ. ಅವರು ಮನೆಯಿಂದ ಹಳೆಯ ಫೋಟೋ ಚೌಕಟ್ಟೊಂದನ್ನು ತಂದು ಗೋಡೆಗೆ ತೂಗುಹಾಕಿ, ಅದರ ಅಂಚಿನಲ್ಲಿ ಕ್ಯಾಮೆರಾ ಕೂರಿಸಿದ್ದರು. ಹೊಸ ಸುಣ್ಣದ ವಾಸನೆಗೆ ದಿನವೂ ಎರಡು ಊದುಬತ್ತಿ ಹಚ್ಚುತ್ತಿದ್ದರು.

ಅವಳು ತನ್ನ ಟಿಪ್ಪಣಿ ತಿರುವಿದಳು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟಿದ್ದರು: ವಿನಯ. ಹನ್ನೊಂದು ಜನ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದರು: ಸಂಕೋಚ. ಕಣ್ಣು ಮುಚ್ಚಿದ್ದರು: ಆಸೆ ತಡೆಯುವ ಉಪಾಯ. ತುಟಿ ಅಲುಗಿಸಿದ್ದರು: ತಮಗೆ ತಾವೇ ಬುದ್ಧಿ ಹೇಳಿಕೊಳ್ಳುವುದು. ಒಂದಕ್ಕೆ ಮಾತ್ರ ಹೆಸರು ಸಿಕ್ಕಿರಲಿಲ್ಲ. ಒಳಗೆ ಬಂದೊಡನೆ ಪ್ರತಿಯೊಬ್ಬರೂ ನೇರವಾಗಿ ಕ್ಯಾಮೆರಾದ ಕಡೆಗೇ ನೋಡಿದ್ದರು.

“ಗೋವಿಂದಯ್ಯನೋರೇ, ಕ್ಯಾಮೆರಾ ವಿಷಯ ಯಾರಿಗಾದರೂ ಹೇಳಿದಿರಾ?”

“ನಾನ್ಯಾಕ್ ಏಳ್ಲವ್ವ? ನನ್ನೆಂಡ್ರು ಬದುಕಿದ್ರೂ ಏಳ್ತಿರ್ನಿಲ್ಲ. ಅವ್ಳಿಗೇಳಿದ್ರೆ ಬಸ್‌ಸ್ಟ್ಯಾಂಡಿಗೆಲ್ಲ ಏಳ್ದಂಗೆ.” ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ಮೂವತ್ತನೆಯವಳು ಹೆಮ್ಮರಗಾಲದ ಸಾಕಮ್ಮ. ಬಸ್ಸಿಳಿದು ಬರುವಾಗಲೇ ಹಸಿವೆಂದು ಎರಡು ಸಲ ಹೇಳಿದ್ದಳು. ರಂಜಿನಿಗೆ ಆಸೆ ಹುಟ್ಟಿತು. ಈ ಒಬ್ಬಳು ತಿಂದರೆ ಸಾಕು.

ಸಾಕಮ್ಮ ಒಳಗೆ ಹೋದಳು. ಕ್ಯಾಮೆರಾ ನೋಡಿದಳು. ಸೆರಗು ಸರಿಮಾಡಿಕೊಂಡಳು. ಹಣ್ಣು ನೋಡಿ ಎಂಜಲು ನುಂಗಿದಳು. ಕೈ ಮುಂದೆ ಹೋಯಿತು. ಪಕ್ಕದ ಕೋಣೆಯಲ್ಲಿ ರಂಜಿನಿ ಪರದೆಯತ್ತ ಬಾಗಿದಳು. ಕೈ ತಟ್ಟೆಯನ್ನು ಗೋಡೆಯ ಕಡೆಗೆ ನಾಲ್ಕು ಬೆರಳು ಸರಿಸಿ, ಹಾಗೇ ಹಿಂದಕ್ಕೆ ಬಂತು.

ಇಪ್ಪತ್ತು ನಿಮಿಷ ಮುಗಿಯಿತು. ರಂಜಿನಿ ಒಳಗೆ ಹೋಗಿ ಎದುರಿಗೆ ಕುಕ್ಕರಿಸಿದಳು.

“ಅಜ್ಜಿ, ನಿಜ ಹೇಳಿ. ನನ್ನ ಕೆಲಸದ ಪ್ರಶ್ನೆ. ಹಸಿವಾಗಿತ್ತು, ಇಲ್ಲಿ ಯಾರೂ ನೋಡುತ್ತಿರಲಿಲ್ಲ. ಯಾಕೆ ತಿನ್ನಲಿಲ್ಲ?”

“ಯಾರೂ ನೋಡ್ತಿರ್ನಿಲ್ವಾ?” ಸಾಕಮ್ಮ ಗದ್ದ ಎತ್ತಿ ಕ್ಯಾಮೆರಾದ ಕಡೆ ತೋರಿಸಿದಳು.

ರಂಜಿನಿ ಥಟ್ಟನೆ ಎದ್ದಳು. “ಅಂದರೆ ನಿಮಗೆಲ್ಲ ಗೊತ್ತಿತ್ತಾ?”

“ಗೊತ್ತಿಲ್ದೆ ಏನವ್ವ? ನಂಜುಂಡಪ್ಪನ ಪಟದ ಮುಂದೆ ಅಣ್ಣಿಟ್ಟು ಊದ್ಬತ್ತಿ ಅಚ್ಚಿದ್ದೀರಿ, ಮಂಗಳಾರತಿ ಆಗ್ದೆ ಎಂಗ್ ತಿನ್ನದು? ಅದಿರ್ಲಿ, ಪೂಜೆ ಮಾಡೋ ಅಯ್ನೋರು ಎಷ್ಟೊತ್ತಿಗೆ ಬತ್ತಾರೆ?”