ಮೊದಲ ಇಳಿಜಾರು

ಸರ್ಕಸ್ಸಿನವರು ಒಳಗೇ ವಾಸವಿದ್ದು ಕೊನೆಗೆ ಮಾರಿಹೋಗಿದ್ದ ಆ ಹಳೇ ಮನೆಗಾಡಿಯ ಬ್ರೇಕಿಗೆ ವಿಮಲಾಕ್ಷಿಗಿಂತ ಹೆಚ್ಚು ವಯಸ್ಸಾಗಿತ್ತು. ಗಾಡಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು ಘಾಟಿ ಇಳಿಯುವ ಮುಂಚೆ ಹೊಸ ಬ್ರೇಕು ಹಾಕಿಸೋಣವೆಂದು ತಮ್ಮನ ಗ್ಯಾರೇಜಿಗೇ ತಂದುಬಿಟ್ಟಿದ್ದಳು. ಒಡಹುಟ್ಟಿದವನನ್ನು ಬಿಟ್ಟು ಇನ್ನಾರನ್ನು ನಂಬುವುದು?

"ಎಲ್ಲಾ ಹೊಸದಕ್ಕಾ. ಕಣ್ಮುಚ್ಕೊಂಡು ಹೋಗು," ಎನ್ನುತ್ತ ಪರಶಿವ ಚಕ್ರಗಳಡಿ ನಿಂಬೆಹಣ್ಣು ಇಟ್ಟ.

"ಅಪ್ಪನ ಪದ್ಧತಿ ಮರ್ತುಬಿಟ್ಯೇನೋ? ಬ್ರೇಕ್ ಹಾಕ್ದೋರ ಮನೆಯೋರು ಮೊದಲ್ನೇ ಇಳಿಜಾರಿಗೆ ಗಾಡೀಲಿ ಕೂರ್ಬೇಕು."

"ನಂಗೆ ಸೊಂಟನೋವು. ಬಿಡಕ್ಕಾ."

"ಹಾಗಾದ್ರೆ ನಾವು ಬರ್ತೀವಿ ಅತ್ತಿಗೆ," ಎಂದು ಅವನ ಹೆಂಡತಿ ಮಗಳನ್ನು ಎತ್ತಿಕೊಂಡು ಮನೆಗಾಡಿ ಹತ್ತೇಬಿಟ್ಟಳು.

ವಿಮಲಾಕ್ಷಿ ಜೀಪು ಸ್ಟಾರ್ಟ್ ಮಾಡಿದಳು. ನಿಂಬೆಹಣ್ಣು ಪಚಕ್ಕೆಂದಿತು. ಪರಶಿವ ಓಡಿಬಂದು ಜೀಪಿಗೆ ಅಡ್ಡ ನಿಂತ.

"ಇಳಿಯೇ ತ್ರಿವೇಣಿ! ಮಗೂನ ಇಳಿಸು! ಹಳೇ ಬ್ರೇಕಿಗೇ ಪೇಂಟ್ ಹೊಡ್ದಿದ್ದೀನಿ!"

ತಾಯಿ ಮಗಳು ಇಳಿದರು. ಬೆಳಗಿನಿಂದ ಅದೇ ಗಾಡಿಯ ಕಿಟಕಿಯಲ್ಲಿ ಕೂತಿದ್ದ ವಿಮಲಾಕ್ಷಿಯ ಇಬ್ಬರು ಮಕ್ಕಳು ಮಾವನಿಗೆ ಇನ್ನೂ ಟಾಟಾ ಮಾಡುತ್ತಲೇ ಇದ್ದರು.